ಗೋಡೆಗೆ ಮುಖ

ಗಂಟೆ ಒಂದು ಸಲ ಹೊಡೆದರೆ ಗೋಡೆಗೆ ತಿರುಗಬೇಕು. ಎರಡು ಸಲ ಹೊಡೆದರೆ ಮತ್ತೆ ಕೆಲಸ. ಕಂಪನಿಯ ಕೆಳಗಿನ ಹಜಾರದಲ್ಲಿ ಕೂಲಿಗೆ ಸೇರಿದವರಿಗೆ ಮೊದಲ ದಿನ ಕಲಿಸುವ ಪಾಠ ಇದೊಂದೇ. ಕಸ ಎಲ್ಲಿ ಸುರಿಯಬೇಕು, ನೀರು ಎಲ್ಲಿ ಹಿಡಿಯಬೇಕು ಎಂಬುದೆಲ್ಲ ಆಮೇಲೆ. ಧಣಿಯ ಕಾರು ಗೇಟಿನೊಳಗೆ ಬಂದ ಕೂಡಲೇ ಬಾಗಿಲ ಕಾವಲುಗಾರ ಗುಂಡಿ ಒತ್ತುತ್ತಿದ್ದ. ಯಾರು ಎಲ್ಲೇ ಇರಲಿ, ಕೈಯಲ್ಲಿ ಏನೇ ಇರಲಿ, ಅಲ್ಲೇ ಬಿಟ್ಟು ಹತ್ತಿರದ ಗೋಡೆಗೆ ಹೋಗಿ ಮುಖ ಅತ್ತ ಮಾಡಿ ನಿಲ್ಲಬೇಕು. ಮಾತಾಡಬಾರದು, ಕೆಮ್ಮಬಾರದು. ಧಣಿ ಹಜಾರ ದಾಟಿ ಲಿಫ್ಟ್ ಹತ್ತಿದ ಮೇಲೆ ಎರಡು ಸಲ ಗಂಟೆ ಹೊಡೆಯುತ್ತಿತ್ತು.

ಬೆಳಗ್ಗೆ ಬೆಳಗ್ಗೆ ಅಷ್ಟೊಂದು ಮುಖ ನೋಡಿದರೆ ಧಣಿಗೆ ತಲೆ ಕೆಡುತ್ತದಂತೆ. ಮೇಸ್ತ್ರಿ ಹೇಳಿದ ಕಾರಣ ಇದು. ಒಂಬತ್ತು ಕಾರ್ಖಾನೆ ತುಂಬಿಕೊಂಡಿರುವ ತಲೆ, ಕೆಡಬಾರದು ತಾನೆ. ಅಷ್ಟೊಂದು ಎಂದರೆ ಎಷ್ಟು ಅಂತೀರಿ? ಐದು. ನೆಲ ಗೋಡೆ ಉಜ್ಜುವ ಅತ್ತಿಗೆ, ಅವಳ ನಾದಿನಿ, ಗಾಜು ಒರೆಸುವವನು, ಕಸದ ಅಕ್ಕ, ಮತ್ತೆ ದೀಪ ತಂತಿ ನೋಡಿಕೊಳ್ಳುವ ಏಣಿ ಮಾವ. ಈ ಐದು ಮುಖ ತಿರುಗಿಸಿ ನಿಲ್ಲಿಸಿದರೆ ಧಣಿಯ ದಿನ ಚೆನ್ನಾಗಿ ಹೋಗುತ್ತಿತ್ತು.

ಅತ್ತಿಗೆ ನಿಜವಾಗಿ ಅತ್ತಿಗೆ ಆಗಬೇಕಾದದ್ದು ನಾದಿನಿಗೆ ಮಾತ್ರ. ನಾದಿನಿ ಮಾತು ಮಾತಿಗೂ ಕರೆದು ಕರೆದು ಅವಳು ಇಡೀ ಹಜಾರಕ್ಕೆ ಅತ್ತಿಗೆಯಾದಳು. ಮೇಸ್ತ್ರಿ ಬೈಯುವಾಗಲೂ ಅತ್ತಿಗೆ ಎಂದೇ ಕರೆದು ಬೈಯುತ್ತಿದ್ದ. ಗಂಡ ದೂರದ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರು. ಇದ್ದದ್ದು ಕಂಪನಿಯ ಸಾಲುಮನೆಯ ಒಂದು ಕೋಣೆಯಲ್ಲಿ. ಕೆಲಸ ಹೋದರೆ ಮೂರು ದಿನದಲ್ಲಿ ಕೋಣೆಯೂ ಹೋಗುತ್ತದೆ ಎಂದು ಸೇರುವಾಗಲೇ ಬರೆಸಿಕೊಂಡಿದ್ದರು.

ಆ ಹಜಾರದಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ಇನ್ನೂರು ಜನ ಕಾಲು ಚಾಚಿ ಮಲಗಬಹುದಾದ ಜಾಗ, ಯಾರೂ ಕೂರುವಂತಿಲ್ಲ. ಧಣಿ ದಿನಕ್ಕೆ ಎರಡು ಸಲ ಅದನ್ನು ದಾಟುತ್ತಿದ್ದ, ಒಂದೊಂದು ಸಲಕ್ಕೆ ಅರ್ಧ ನಿಮಿಷ. ಆ ಒಂದು ನಿಮಿಷಕ್ಕೆ ಅತ್ತಿಗೆ ದಿನಕ್ಕೆ ಎಂಟು ತಾಸು ಮೊಣಕಾಲೂರುತ್ತಿದ್ದಳು. ನೆಲವೂ ಕಪ್ಪು ಕಲ್ಲು, ಗೋಡೆಯೂ ಕಪ್ಪು ಕಲ್ಲು. ಮೊದಲು ಒದ್ದೆ ಬಟ್ಟೆ. ಆಮೇಲೆ ಒಣ ಬಟ್ಟೆ. ಆಮೇಲೆ ಬಿಳಿ ಪುಡಿ ಉದುರಿಸಿ, ಉಣ್ಣೆಯ ದಪ್ಪ ತುಂಡು ಹಿಡಿದು ಗುಂಡಗೆ ಉಜ್ಜಬೇಕು. ಒಂದು ಕಲ್ಲಿಗೆ ಇನ್ನೂರು ಸುತ್ತು. ಕೊನೆಗೆ ಮೇಣ. ಪುಡಿ ಉಗುರಿನ ಸಂದಿಗೆ ಹೋಗಿ ಕೂತು ಊಟ ಮಾಡುವಾಗ ಉರಿಯುತ್ತಿತ್ತು. ಬಲಗೈ ಬೆರಳಿನ ಗೆರೆಗಳೆಲ್ಲ ಸವೆದು ಹೋಗಿದ್ದವು. ಹಾಜರಿ ಯಂತ್ರದ ಮೇಲೆ ಹೆಬ್ಬೆರಳಿಟ್ಟರೆ ಇವಳು ಯಾರೆಂದು ಯಂತ್ರಕ್ಕೂ ಗೊತ್ತಾಗುತ್ತಿರಲಿಲ್ಲ. ಮೊಣಕಾಲಿನ ಚರ್ಮ ಹಿಮ್ಮಡಿಯ ಚರ್ಮದಷ್ಟು ಗಟ್ಟಿಯಾಗಿತ್ತು. ಆದರೂ ತಿಂಗಳಿಗೊಮ್ಮೆ ಮೇಸ್ತ್ರಿ ಬಂದು, ಸಾಲದು, ಇನ್ನೂ ಹೊಳೆಯಬೇಕಂತೆ ಎನ್ನುತ್ತಿದ್ದ. ಹನ್ನೊಂದು ವರ್ಷ ಅವಳು ಹೊಳೆಯಿಸುತ್ತಲೇ ಬಂದಳು.

ಹೊಳೆಯಿಸಿ ಹೊಳೆಯಿಸಿ ಗೋಡೆ ಕನ್ನಡಿಯಾಯಿತು.

ಇದು ಧಣಿಗೆ ಗೊತ್ತಿರಲಿಲ್ಲ. ದೂರದಿಂದ ನೋಡಿದರೆ ಅದು ಬರೀ ಕಪ್ಪು. ಮೂಗು ತಾಗುವಷ್ಟು ಹತ್ತಿರ ನಿಂತರೆ ಮಾತ್ರ ಬೆನ್ನ ಹಿಂದಿನ ಹಜಾರ ಬಾಗಿಲಿನಿಂದ ಲಿಫ್ಟಿನವರೆಗೆ ಕಾಣುತ್ತಿತ್ತು. ಮೂಗು ತಾಗುವಷ್ಟು ಹತ್ತಿರ ನಿಲ್ಲುವವರು ಈ ಐದು ಜನ ಬಿಟ್ಟರೆ ಇನ್ಯಾರಿದ್ದಾರೆ? ನಿಲ್ಲಿಸಿದವನು ಧಣಿಯೇ. ತನ್ನನ್ನು ಯಾರೂ ನೋಡಬಾರದೆಂದು ಹಟ ಹಿಡಿದು, ಎಲ್ಲರೂ ಚೆನ್ನಾಗಿ ನೋಡುವ ಹಾಗೆ ತಾನೇ ಮಾಡಿಟ್ಟಿದ್ದ.

ಹೀಗಾಗಿ ದಿನಕ್ಕೆರಡು ಸಲ ಇವರಿಗೆ ಪುಕ್ಕಟೆ ಆಟ. ಅತಿಥಿಯ ಕೈ ಕುಲುಕಿದ ಮೇಲೆ ಧಣಿ ಆ ಕೈಯನ್ನು ಕೋಟಿಗೆ ಒರೆಸಿಕೊಳ್ಳುವುದನ್ನು ನೋಡಿದರು. ಅತಿಥಿಯನ್ನು ಲಿಫ್ಟಿಗೆ ಹತ್ತಿಸುವಾಗ ಬಾಗಿಲು ತೆರೆಯುವ ಮೊದಲು ಹಲ್ಲು ಕಿರಿದು, ಮುಚ್ಚಿದ ಮೇಲೆ ಕಿರಿದದ್ದನ್ನು ಒಳಗೆ ಹಾಕಿಕೊಳ್ಳುವುದನ್ನು ನೋಡಿದರು. ಬಣ್ಣದ ಕಾರ್ಖಾನೆ ಮುಚ್ಚಿ ಮುನ್ನೂರು ಜನ ಬೀದಿಗೆ ಬಿದ್ದ ದಿನ ಅವನು ಇಲ್ಲಿ ನಿಂತು ಸಹಾಯಕನ ಹತ್ತಿರ ತನ್ನ ಬೂಟಿನ ದಾರ ಸರಿಯಿಲ್ಲವೆಂದು ಜಗಳ ತೆಗೆದದ್ದನ್ನೂ ನೋಡಿದರು. ನಾದಿನಿ ಅವನಿಗೆ ನುಂಗಣ್ಣ ಎಂದು ಹೆಸರಿಟ್ಟಳು. ಮಧ್ಯಾಹ್ನ ಮೆಟ್ಟಿಲ ಕೆಳಗೆ ಡಬ್ಬಿ ಬಿಚ್ಚಿ ಕೂತಾಗ ಹೊಟ್ಟೆ ಮುಂದೆ ಮಾಡಿ, ಫೋನಿನ ಬದಲು ಚಪ್ಪಲಿ ಕಿವಿಗಿಟ್ಟುಕೊಂಡು, ಅವನ ಹಾಗೇ ಗತ್ತಿನಲ್ಲಿ ನಡೆದು ತೋರಿಸುತ್ತಿದ್ದಳು. ಕಸದ ಅಕ್ಕ ನಕ್ಕು ನಕ್ಕು ಗಂಟಲಿಗೆ ಅನ್ನ ಸಿಕ್ಕಿಸಿಕೊಳ್ಳುತ್ತಿದ್ದಳು. ಅತ್ತಿಗೆ ಮಾತ್ರ ಅಷ್ಟಾಗಿ ನಗುತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಆ ಮುಖದಲ್ಲಿ ಸಾಕು ಎನ್ನುವ ಕಳೆಯನ್ನು ಅವಳು ಕಂಡಿರಲಿಲ್ಲ. ಏಳನೆಯ ಕಾರ್ಖಾನೆ ಕೈಗೆ ಬಂದ ದಿನವೇ ಫೋನಿನಲ್ಲಿ ಎಂಟನೆಯದರ ಮಾತು. ಅಷ್ಟೆಲ್ಲ ಇದ್ದವನ ಕಣ್ಣಿನಲ್ಲಿ ಉಪವಾಸ ಬಿದ್ದವನ ಆತುರ. ಅದನ್ನು ನೋಡಿದರೆ ಅವಳಿಗೆ ಭಯವಾಗುತ್ತಿತ್ತು.

ಈ ಗುಟ್ಟನ್ನು ಐದೂ ಜನ ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಆ ಕಟ್ಟಡದಲ್ಲಿ ನಮ್ಮದು ಎಂದು ಹೇಳಿಕೊಳ್ಳಲು ಅವರಿಗೆ ಬೇರೆ ಏನೂ ಇರಲಿಲ್ಲ.

ಏಣಿ ಮಾವ ಯಾರಿಗೂ ಮಾವನಲ್ಲ. ಹನ್ನೆರಡು ಮೆಟ್ಟಿಲಿನ ಮಡಚುವ ಏಣಿಯನ್ನು ಹೆಗಲ ಮೇಲೆ ಹಾಕಿಕೊಂಡು ಹಿಂಬಾಗಿಲಿನಿಂದ ಬರುತ್ತಿದ್ದ ಮುದುಕ. ಹೊಟ್ಟೆಹುಣ್ಣಿನವನು. ಟೀ ಕೊಟ್ಟರೂ ಅರ್ಧ ಲೋಟ ಕುಡಿದು ಇನ್ನರ್ಧ ಪಕ್ಕದವರಿಗೆ ದಾಟಿಸುತ್ತಿದ್ದ. ಏಣಿಯ ಕಾಲಿನ ರಬ್ಬರು ಸವೆದು ಹೋಗಿ ಎರಡು ವರ್ಷವಾಗಿತ್ತು. ಮೂರು ಸಲ ಕೇಳಿದ. ಮೂರು ಸಲವೂ ಮೇಸ್ತ್ರಿ ಮೇಲೆ ಬರೆದು ಕಳಿಸಿದ್ದೇನೆ ಎಂದ. ಮೇಲೆ ಯಾರು ಓದುತ್ತಾರೆ? ಅದಕ್ಕೆ ಇವರೇ ಒಂದು ದಾರಿ ಮಾಡಿಕೊಂಡಿದ್ದರು. ಮಾವ ಏಣಿ ಹತ್ತಿದರೆ ಅತ್ತಿಗೆ ಕೆಲಸ ಬಿಟ್ಟು ಬಂದು ಕೆಳಗಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಎರಡೂ ಕೈಯಲ್ಲಿ ಏಣಿ ಹಿಡಿಯುತ್ತಿದ್ದಳು. ಮಾವ ಕೆಳಗೆ ನೋಡುತ್ತಿರಲಿಲ್ಲ, ತಲೆ ಸುತ್ತುತ್ತದೆ ಎಂದು. ಮೇಲಿನಿಂದಲೇ ಕೇಳುತ್ತಿದ್ದ, "ಅತ್ತಿಗೆ, ಇದ್ದೀಯಾ?"

"ಇದ್ದೀನಿ ಮಾವ."

ಅಷ್ಟು ಕೇಳಿದ ಮೇಲೇ ಅವನು ಎರಡೂ ಕೈ ಬಿಟ್ಟು ಕೆಲಸಕ್ಕೆ ತೊಡಗುತ್ತಿದ್ದ.

ಆ ದಿನ ಹತ್ತನೆಯ ಕಾರ್ಖಾನೆಯ ಮಾತುಕತೆ. ದೊಡ್ಡ ದೊಡ್ಡವರು ಬರುವವರಿದ್ದರು. ಹಜಾರದ ನಡುವಿನ ದೀಪ ಮಿಣುಕುತ್ತಿದೆ, ಕೂಡಲೇ ಬದಲಿಸು ಎಂದು ಮೇಸ್ತ್ರಿ ಮಾವನ ಬೆನ್ನು ಬಿದ್ದ. ಧಣಿ ಬರುವುದು ಹನ್ನೊಂದಕ್ಕೆ, ಇನ್ನೂ ಒಂದು ತಾಸಿದೆ ಎಂದುಕೊಂಡು ಮಾವ ಏಣಿ ಹಾಕಿದ. ಅತ್ತಿಗೆ ಹಿಡಿದುಕೊಂಡಳು. ಇದ್ದೀಯಾ ಎಂದ. ಇದ್ದೀನಿ ಎಂದಳು. ಅವನು ಹನ್ನೊಂದನೆಯ ಮೆಟ್ಟಿಲಲ್ಲಿ ನಿಂತು ಎರಡೂ ಕೈಯನ್ನು ದೀಪ ಮುಚ್ಚುವ ಗಾಜಿನ ಬುರುಡೆಯೊಳಗೆ ತೂರಿಸಿದ್ದ.

ಗಂಟೆ ಹೊಡೆಯಿತು.

ಕೇಳಿದ್ದು ಕಿವಿ, ಹೊರಟಿದ್ದು ಕಾಲು. ನಡುವೆ ತಲೆಯನ್ನು ಯಾರೂ ಕೇಳಲಿಲ್ಲ. ದಿನಕ್ಕೆ ಎರಡು ಸಲದಂತೆ ಹನ್ನೊಂದು ವರ್ಷ ಬಡಿದು ಕೂರಿಸಿದ ಅಭ್ಯಾಸ. ಅವಳ ಕೈ ಏಣಿ ಬಿಟ್ಟಿತ್ತು. ಗೋಡೆಯ ಮುಂದೆ ನಿಂತು ಕಲ್ಲಿನಲ್ಲಿ ತನ್ನ ಮುಖ ಕಂಡ ಮೇಲೇ ಅವಳಿಗೆ ತಾನೇನು ಮಾಡಿದೆ ಎಂದು ಗೊತ್ತಾದದ್ದು. ವಾಪಸು ಓಡಬಹುದಿತ್ತು. ಓಡಲಿಲ್ಲ. ಆಗಲೇ ಬಾಗಿಲು ತೆರೆದಿತ್ತು.

ಗೋಡೆಯಲ್ಲಿ ಧಣಿ ಬಂದ. ಕಿವಿಯಲ್ಲಿ ಫೋನು, ಹಿಂದೆ ಇಬ್ಬರು. ಬಾಗಿಲಿನಿಂದ ಲಿಫ್ಟಿಗೆ ಅವನು ಯಾವಾಗಲೂ ನೆಟ್ಟಗೆ ನಡೆಯುತ್ತಿದ್ದ. ಆ ನೆಟ್ಟನೆಯ ದಾರಿಯಲ್ಲಿ ಏಣಿ. ಏಣಿಯ ಎಡಕ್ಕೂ ಬಲಕ್ಕೂ ಗಾಡಿ ಹೊಡೆಯುವಷ್ಟು ಜಾಗವಿತ್ತು. ಧಣಿ ನಿಂತ. ಮಾವ ಮೇಲಿನಿಂದ, "ಒಂದ್ನಿಮಿಷ ಧಣಿ, ಇಳಿದುಬಿಟ್ಟೆ" ಎಂದ. ಧಣಿ ತಲೆ ಎತ್ತಿದ. ಊಟದ ತಟ್ಟೆಗೆ ನೊಣ ಬಂದಾಗ ಮಾಡುವ ಮುಖ ಮಾಡಿದ. ಫೋನನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡ.

ಮಾವನಿಗೆ ಕೆಳಗೇನೋ ಸರಿಯಿಲ್ಲ ಅನ್ನಿಸಿರಬೇಕು. "ಅತ್ತಿಗೆ, ಇದ್ದೀಯಾ?" ಎಂದ.

ಗೋಡೆಗೆ ನಿಂತವರು ಮಾತಾಡುವಂತಿಲ್ಲ. ಅವಳು ತುಟಿ ಬಿಚ್ಚಲಿಲ್ಲ.

ಧಣಿ ಬಲಗಾಲಿನ ಬೂಟನ್ನು ಏಣಿಯ ಕಾಲಿಗೆ ಕೊಟ್ಟು ತಳ್ಳಿದ. ಅಡ್ಡ ಬಂದ ಮೊರವನ್ನು ಸರಿಸುವ ಹಾಗೆ, ಒಂದೇ ಸಲ. ಮೇಣ ಹಾಕಿದ ನೆಲ, ಸವೆದ ರಬ್ಬರು. ಏಣಿ ಜಾರಿತು. ಮಾವ ದೀಪದ ಬುರುಡೆಯನ್ನು ಹಿಡಿದುಕೊಂಡ, ಬುರುಡೆಯೂ ಅವನ ಜೊತೆಗೇ ಬಂತು. ತಲೆ ಕಲ್ಲಿಗೆ ಬಡಿದ ಸದ್ದು ದೊಡ್ಡದೇನೂ ಇರಲಿಲ್ಲ. ಧಣಿ ಗಾಜು ಕಾಲಿಗೆ ತಾಗದ ಹಾಗೆ ಒಂದು ಹೆಜ್ಜೆ ಹಿಂದೆ ಇಟ್ಟ. ಏಣಿ ಬಿದ್ದಿದ್ದರಿಂದ ಈಗ ದಾರಿ ತೆರೆದಿತ್ತು. ಫೋನಿಗೆ, "ಏನಿಲ್ಲ, ನೀವು ಹೇಳಿ" ಎಂದು ನಡೆದ. ಲಿಫ್ಟಿನ ಬಾಗಿಲು ಮುಚ್ಚಿತು.

ಆಮೇಲೆ ಎರಡು ಸಲ ಗಂಟೆ ಹೊಡೆಯಿತು. ಅಲ್ಲಿಯವರೆಗೆ ನಾಲ್ಕೂ ಜನ ಗೋಡೆ ಬಿಡಲಿಲ್ಲ. ಬೈಯುವುದಾದರೆ ಬೈಯಿರಿ, ಆದದ್ದು ಹಾಗೆಯೇ. ನಾಲ್ಕೈದು ಉಸಿರಿನಷ್ಟು ಹೊತ್ತು ಅವರು ತಮ್ಮ ಮಾವನ ರಕ್ತ ನೆಲದ ಮೇಲೆ ಹರಡುವುದನ್ನು ಗೋಡೆಯಲ್ಲಿ ನೋಡುತ್ತಾ ನಿಂತರು.

ಮಾವ ಸಂಜೆಯವರೆಗೆ ಆಸ್ಪತ್ರೆಯ ಪಡಸಾಲೆಯಲ್ಲಿ ಉಸಿರಾಡಿ ಹೋಗಿಬಿಟ್ಟ. ಮರುದಿನ ಅತ್ತಿಗೆಗೆ ಕೆಲಸ, ಆ ಜಾಗದ ಕಲೆ ತೆಗೆಯುವುದು. ಕಲ್ಲಿನ ಸಂದಿಗೆ ರಕ್ತ ಇಳಿದಿತ್ತು. ಮೊಣಕಾಲೂರಿ ಪುಡಿ ಹಾಕಿ ಉಜ್ಜಿದಳು. ಉಣ್ಣೆಯ ತುಂಡು ಕೆಂಪಾಯಿತು. ಇನ್ನೊಂದು ತುಂಡು ತೆಗೆದುಕೊಂಡಳು. ಮೇಸ್ತ್ರಿ ಬಂದು ಸ್ವಲ್ಪ ಬೇಗ ಎಂದ. ಅವಳಿಗೆ ಆ ತುಂಡನ್ನು ಅವನ ಬಾಯಿಗೆ ತುರುಕಬೇಕು ಅನ್ನಿಸಿತು. ತುರುಕಲಿಲ್ಲ, ಉಜ್ಜಿದಳು.

ಕಂಪನಿಯ ಮಾತು ಅಷ್ಟರಲ್ಲಿ ಸಿದ್ಧವಾಗಿತ್ತು. ಮುದುಕ ಕುಡಿದು ಬಂದಿದ್ದ, ಏಣಿಯಿಂದ ಜಾರಿದ. ಕ್ಯಾಮೆರಾ ಇದೆಯಲ್ಲ ಎಂದರೆ ಅದು ಅವತ್ತೇ ಕೆಟ್ಟಿತ್ತಂತೆ. ಹಜಾರದಲ್ಲಿ ಇದ್ದವರು ನೋಡಿದ್ದಾರಲ್ಲ ಎಂದರೆ ಅವರೆಲ್ಲ ಗೋಡೆಗೆ ಮುಖ ಮಾಡಿದ್ದರು, ಏನೂ ನೋಡಿಲ್ಲ. ಗೋಡೆಗೆ ಮುಖ ಮಾಡಬೇಕೆಂಬ ನಿಯಮ ಕಾಗದದಲ್ಲೇ ಇತ್ತು. ಸರ್ಕಾರದಿಂದ ಒಬ್ಬ ವಿಚಾರಣೆ ಅಧಿಕಾರಿ ಬರುತ್ತಾನೆ, ಟೈಪು ಮಾಡಿಟ್ಟ ಹೇಳಿಕೆಗೆ ನಾಲ್ಕು ಜನ ರುಜು ಹಾಕಿದರೆ ಮುಗಿಯಿತು ಎಂದು ಮೇಸ್ತ್ರಿ ಹೇಳಿದ. ಹೇಳುವಾಗ ಅವನೂ ಯಾರ ಮುಖವನ್ನೂ ನೋಡಲಿಲ್ಲ.

ಅತ್ತಿಗೆ ಮಾವನ ಮನೆಗೆ ಹೋದಳು. ಅದೂ ಸಾಲುಮನೆಯ ಒಂದು ಕೋಣೆ. ಮಾವನ ಹೆಂಡತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಮೂರು ದಿನದ ಗಡುವು ಅವಳಿಗೂ ಬಂದಿತ್ತು. ಅಳು ಮುಗಿದಿತ್ತು, ಕಣ್ಣು ಒಣಗಿತ್ತು. ಕುಡಿದಿದ್ದ ಎಂದು ನಾನೂ ಹೆಬ್ಬೆಟ್ಟು ಒತ್ತಬೇಕಂತೆ, ನಲವತ್ತು ವರ್ಷ ಜೊತೆಗಿದ್ದೇನೆ, ಅವನ ಬಾಯಲ್ಲಿ ಒಂದು ದಿನವೂ ಆ ವಾಸನೆ ಕಂಡಿಲ್ಲ ಎಂದಳು. ಆಮೇಲೆ ಒಂದು ತಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು.

"ನೀನು ಏಣಿ ಹಿಡ್ಕೊಂಡಿದ್ದೆ ಅಲ್ವಾ?"

ಅತ್ತಿಗೆ, "ಗಂಟೆ ಹೊಡೀತು ಅತ್ತೆ" ಎಂದಳು.

ಮಾವನ ಹೆಂಡತಿ ತಟ್ಟೆಯನ್ನು ಚೀಲಕ್ಕೆ ಹಾಕಿ, ಮುಂದಿನದನ್ನು ಎತ್ತಿಕೊಂಡಳು. ಒಂದು ಬೈಗುಳ ಬಿದ್ದಿದ್ದರೆ ಅತ್ತಿಗೆ ಹೊತ್ತುಕೊಂಡು ಬರುತ್ತಿದ್ದಳು. ಬರಿಗೈಯಲ್ಲಿ ಬರುವುದು ಕಷ್ಟವಾಯಿತು.

ಬೆಳಗ್ಗೆ ನಲ್ಲಿಯ ಹತ್ತಿರ ಬಟ್ಟೆ ಒಗೆಯುವಾಗ ಅವಳು ನಾದಿನಿಗೆ ಹೇಳಿಬಿಟ್ಟಳು, ನಾನು ಕಂಡದ್ದನ್ನು ಹೇಳುತ್ತೇನೆ ಎಂದು. ನಾದಿನಿ ಕೈಯಲ್ಲಿದ್ದ ಬಟ್ಟೆಯನ್ನು ಕಲ್ಲಿಗೆ ರಪ್ಪೆಂದು ಬಡಿದಳು. ನಿನಗೆ ತಲೆ ನೆಟ್ಟಗಿದೆಯಾ ಎಂದಳು. ಹೇಗೆ ಕಂಡೆ ಎಂದು ಕೇಳುತ್ತಾರೆ, ಗೋಡೆಯಲ್ಲಿ ಎನ್ನುತ್ತೀ, ಮಾರನೆಯ ದಿನ ಗೋಡೆಗೆ ಪರದೆ ಬೀಳುತ್ತದೆ, ನಾವು ಬೀದಿಗೆ ಬೀಳುತ್ತೇವೆ. ಮಕ್ಕಳ ಫೀಸು ಯಾರು ಕಟ್ಟುತ್ತಾರೆ, ಬಂದರಿನಲ್ಲಿರುವ ನನ್ನಣ್ಣ ನಾಲ್ಕು ತಿಂಗಳಿಂದ ಏನು ಕಳಿಸಿದ್ದಾನೆ? ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ, ಕೊನೆಗೆ ದನಿ ಇಳಿಸಿದಳು.

"ನಮ್ಮ ಹತ್ರ ಇರೋದು ಅದೊಂದೇ ಅತ್ತಿಗೆ. ಅವನನ್ನ ನೋಡಿ ನಗೋಕೆ ಅದೊಂದೇ ಜಾಗ. ಅದನ್ನೂ ಕೊಟ್ಬಿಡ್ತೀಯಾ?"

"ನಕ್ಕು ನಕ್ಕು ಏನು ಮಾಡಿದ್ವಿ?" ಎಂದಳು ಅತ್ತಿಗೆ. "ಮಾವ ಕರೆದಾಗ ನಾನು ಓ ಅನ್ನಲಿಲ್ಲ. ನೀನೂ ಕೇಳಿಸ್ಕೊಂಡೆ ತಾನೆ?"

ನಾದಿನಿ ಬಟ್ಟೆ ಹಿಂಡಿ, ಬಕೆಟ್ ಎತ್ತಿಕೊಂಡು ಒಳಗೆ ಹೋದಳು. ಅವತ್ತು ಇಬ್ಬರೂ ಬೇರೆ ಬೇರೆಯಾಗಿ ಕೆಲಸಕ್ಕೆ ಹೋದರು.

ವಿಚಾರಣೆ ಹತ್ತನೆಯ ಮಹಡಿಯಲ್ಲಿ. ಹನ್ನೊಂದು ವರ್ಷದಲ್ಲಿ ಅತ್ತಿಗೆ ಮೇಲೆ ಹೋದದ್ದು ಅದೇ ಮೊದಲು. ಧಣಿಯ ಲಿಫ್ಟಿನಲ್ಲಿ ಕರೆದೊಯ್ದಾರೇ? ಹಿಂದಿನ ಮೆಟ್ಟಿಲು ಹತ್ತಿಸಿದರು. ಕೋಣೆಯ ನೆಲಕ್ಕೆ ಮೆತ್ತನೆಯ ಜಮಖಾನ, ಕಾಲಿಟ್ಟರೆ ಒಳಗೆ ಹೋಗುತ್ತಿತ್ತು. ಅಧಿಕಾರಿ ನಡುವಯಸ್ಸಿನವನು, ಬೇಗ ಮುಗಿಸಿ ಊಟಕ್ಕೆ ಹೋಗುವ ಯೋಚನೆಯಲ್ಲಿದ್ದ. ಪಕ್ಕದಲ್ಲಿ ಕಂಪನಿಯ ವಕೀಲ, ಕಪ್ಪು ಕೋಟಿನವನು. ಗೋಡೆ ಬದಿಗೆ ಮಾವನ ಹೆಂಡತಿಯನ್ನೂ ಹೆಬ್ಬೆಟ್ಟಿಗೆಂದು ಕರೆಸಿ ನಿಲ್ಲಿಸಿದ್ದರು. ಖಾಲಿ ಕುರ್ಚಿಗಳು ಎಂಟಿದ್ದವು, ಕೂರು ಎಂದು ಯಾರೂ ಅನ್ನಲಿಲ್ಲ.

ವಕೀಲ ಹೇಳಿಕೆ ಓದಿದ. ಗೋಡೆಗೆ ಮುಖ ಮಾಡಿದ್ದರಿಂದ ಏನನ್ನೂ ನೋಡಿರುವುದಿಲ್ಲ. ಮೃತನು ಮದ್ಯ ಸೇವಿಸಿದ್ದನು. ಗಾಜು ಒರೆಸುವವನು ತಲೆ ತಗ್ಗಿಸಿ ರುಜು ಹಾಕಿದ. ಕಸದ ಅಕ್ಕ ಹೆಬ್ಬೆಟ್ಟು ಒತ್ತಿ, ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಂಡು ಹಿಂದೆ ಸರಿದಳು. ಪೆನ್ನು ಅತ್ತಿಗೆಯ ಕೈಗೆ ಬಂತು. ಅವಳು ಅದನ್ನು ಮೇಜಿನ ಮೇಲೆ ಮಲಗಿಸಿದಳು.

"ನಾನು ನೋಡಿದ್ದೀನಿ ಸಾರ್."

ವಕೀಲ ನಕ್ಕ. "ಗೋಡೆಗೆ ತಿರುಗಿದ್ದೋಳು ಹೇಗಮ್ಮ ನೋಡ್ದೆ? ಬೆನ್ನಲ್ಲಿ ಕಣ್ಣಿದೆಯಾ?"

"ಬೆನ್ನಲ್ಲಿಲ್ಲ. ಗೋಡೇಲಿದೆ. ಬನ್ನಿ, ತೋರಿಸ್ತೀನಿ."

ಅಧಿಕಾರಿಗೆ ಊಟ ಮರೆತುಹೋಯಿತೋ, ಇಲ್ಲ ಒಂದು ಗಳಿಗೆ ಕೆಲಸದ ಮೇಲೆ ಆಸೆ ಬಂತೋ, ಎದ್ದ. ಎಲ್ಲರೂ ಕೆಳಗಿಳಿದರು. ಹಜಾರದ ಗೋಡೆಯ ಮುಂದೆ ಅತ್ತಿಗೆ ಅವನನ್ನು ನಿಲ್ಲಿಸಿದಳು. ಇನ್ನೂ ಹತ್ತಿರ ಎಂದಳು. ಇನ್ನೂ. ಕೊನೆಗೆ ಸರ್ಕಾರದ ಅಧಿಕಾರಿ ಕೂಲಿಯವರ ಹಾಗೆ ಕೈ ಕೆಳಗೆ ಬಿಟ್ಟು, ಕಲ್ಲಿಗೆ ಮೂಗು ತಾಗಿಸಿ ನಿಂತ. ಕನ್ನಡಕ ಸರಿಮಾಡಿಕೊಂಡ. ಅವನ ಬೆನ್ನು ಇತ್ತ ತಿರುಗಿದ್ದೇ ತಡ, ವಕೀಲ ಮೇಸ್ತ್ರಿಯ ಕಡೆ ಕಣ್ಣು ಹೊಡೆದು, ಇವಳನ್ನು ಹಿಂಬಾಗಿಲಿನಿಂದ ಹೊರಗೆ ದಬ್ಬು ಎಂದು ಹೆಬ್ಬೆರಳಿನಲ್ಲಿ ಸನ್ನೆ ಮಾಡಿದ. ಬೆನ್ನು ತಿರುಗಿಸಿದವರು ಕುರುಡರು ಎಂದು ನಂಬಿ ಬದುಕಿದ ಜನ, ಅಷ್ಟು ಬೇಗ ಬುದ್ಧಿ ಬರುತ್ತದೆಯೇ?

ಅಧಿಕಾರಿ ತಿರುಗದೆಯೇ ಕೇಳಿದ, "ವಕೀಲರೇ, ಹಿಂಬಾಗಿಲಲ್ಲಿ ಏನಿದೆ?"

ವಕೀಲನ ಹೆಬ್ಬೆರಳು ಗಾಳಿಯಲ್ಲೇ ಉಳಿಯಿತು.

ಆಮೇಲೆ ಅತ್ತಿಗೆ ಹೇಳಿದಳು. ಏಣಿ ಎಲ್ಲಿತ್ತು, ಮಾವ ಯಾವ ಮೆಟ್ಟಿಲಲ್ಲಿದ್ದ, ಧಣಿ ಎಲ್ಲಿ ನಿಂತ, ಯಾವ ಕಾಲು. ರಬ್ಬರಿಗಾಗಿ ಮಾವ ಮೂರು ಸಲ ಕೇಳಿದ್ದನ್ನೂ ಹೇಳಿದಳು. ಅಧಿಕಾರಿ ಗೋಡೆಗೇ ಕಾಗದ ಆನಿಸಿ ಬರೆದುಕೊಂಡ. ಒಂದು ಮಾತು ಉಳಿಯಿತು. ಅದನ್ನು ಅವಳು ಅಧಿಕಾರಿಗೆ ಹೇಳಲಿಲ್ಲ, ಮಾವನ ಹೆಂಡತಿಯ ಕಡೆ ತಿರುಗಿ ಹೇಳಿದಳು.

"ಏಣಿ ನಾನು ಹಿಡ್ಕೊಂಡಿದ್ದೆ ಅತ್ತೆ. ಗಂಟೆಗೆ ಹೆದರಿ ಬಿಟ್ಟೆ. ಇದ್ದೀಯಾ ಅಂತ ಮಾವ ಕೇಳಿದ್ರು. ನಾನು ಇರಲಿಲ್ಲ."

ಮಾವನ ಹೆಂಡತಿ ಅವಳನ್ನೇ ನೋಡಿದಳು. ಕ್ಷಮಿಸಿದ್ದೇನೆ ಎಂದು ಅವಳು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

"ಅದನ್ನೂ ಬರೆಸು," ಎಂದಳು.

ವಕೀಲ ಮೈ ಕೊಡವಿಕೊಂಡು, ಒಬ್ಬಳ ಮಾತು, ಅದೂ ಏಣಿ ಬಿಟ್ಟ ತಪ್ಪಿತಸ್ಥಳ ಮಾತು, ಇದಕ್ಕೆ ಸಾಕ್ಷಿ ಯಾರು ಎಂದ. ನಾದಿನಿ ಮುಂದೆ ಬಂದಳು. ಬಾಯಿ ಬಿಡದೆ ಹೋಗಿ ಬಾಗಿಲ ಹತ್ತಿರ ನಿಂತಳು. ಹೊಟ್ಟೆ ಮುಂದೆ ಮಾಡಿದಳು. ಕೈಯನ್ನು ಕಿವಿಗಿಟ್ಟಳು. ಅವಳು ನಡೆದು ಬರುತ್ತಿದ್ದರೆ ಧಣಿಯೇ ಬಂದ ಹಾಗಿತ್ತು. ಬ್ಯಾಂಕಿನವರು, ಮಂತ್ರಿಗಳು ನೋಡಿದ್ದರೂ ಎದ್ದು ನಿಲ್ಲುತ್ತಿದ್ದರು. ಹಜಾರದ ನಡುವೆ ನಿಂತು ತಲೆ ಎತ್ತಿದಳು. ಮುಖ ಕಿವುಚಿದಳು. ಕಿವಿಯ ಕೈ ಬದಲಾಯಿಸಿದಳು. ಬಲಗಾಲು ಮುಂದೆ ಹೋಯಿತು. ಒಂದು ಹೆಜ್ಜೆ ಹಿಂದೆ ಇಟ್ಟು, "ಏನಿಲ್ಲ, ನೀವು ಹೇಳಿ" ಎಂದು, ಲಿಫ್ಟಿನವರೆಗೆ ನೆಟ್ಟಗೆ ನಡೆದಳು. ಮೆಟ್ಟಿಲ ಕೆಳಗೆ ನೂರು ಸಲ ನಗಿಸಿದ ಆಟ ಅದು. ಕಸದ ಅಕ್ಕ ಬಾಯಿಗೆ ಸೆರಗು ಒತ್ತಿ ಬಿಕ್ಕಿದಳು.

"ನಾನೂ ನೋಡ್ದೆ, ಬರ್ಕೊಳ್ಳಿ," ಎಂದಳು ನಾದಿನಿ.

ಗಾಜು ಒರೆಸುವವನು ನನ್ನ ರುಜು ಹೊಡೆದುಹಾಕಿ ಎಂದು ಗೊಣಗಿದ. ಅಧಿಕಾರಿ ಕೇಳಿಸಲಿಲ್ಲ ಎಂದ. ಅವನು ಇನ್ನೊಂದು ಸಲ ಗಟ್ಟಿಯಾಗಿ ಹೇಳಿದ.

ಅಷ್ಟರಲ್ಲಿ ಗಂಟೆ ಹೊಡೆಯಿತು. ಧಣಿ ಬರುತ್ತಿದ್ದ. ಹತ್ತನೆಯ ಕಾರ್ಖಾನೆಯ ಕಾಗದಕ್ಕೆ ಅವತ್ತೇ ಸಹಿ.

ಕಾಲುಗಳಿಗೆ ಏನು ಗೊತ್ತು? ಕಸದ ಅಕ್ಕ ಗೋಡೆಗೆ ತಿರುಗಿಬಿಟ್ಟಳು. ಗಾಜಿನವನೂ ತಿರುಗಿದ. ಅತ್ತಿಗೆಯ ಪಾದವೂ ಅರ್ಧ ತಿರುಗಿತು. ಅವಳಿಗೆ ತನ್ನ ಪಾದದ ಮೇಲೆ ಹೇಳಲಾರದ ಸಿಟ್ಟು ಬಂತು. ಮಗ್ಗುಲಿಗೆ ಹೊರಟ ದನವನ್ನು ಎಳೆದು ತರುವ ಹಾಗೆ ಅದನ್ನು ಎಳೆದು ತಂದಳು. ಹಜಾರದ ನಡುವೆ, ತಾನೇ ರಕ್ತ ಉಜ್ಜಿದ ಕಲ್ಲಿನ ಮೇಲೆ ಹೋಗಿ ಬಾಗಿಲಿಗೆ ಮುಖ ಮಾಡಿ ನಿಂತಳು. ಗಂಟೆ ನಿಂತಿತು. ಬಾಗಿಲು ತೆರೆಯಿತು.

ಧಣಿ ಫೋನಿನಲ್ಲಿ ಮಾತಾಡುತ್ತಾ ನೆಟ್ಟಗೆ ಬಂದ. ದಾರಿಯಲ್ಲಿ ಮನುಷ್ಯರಿರಬಹುದೆಂಬ ಅಂದಾಜೇ ಇಲ್ಲದವನು, ಮೊಳ ದೂರಕ್ಕೆ ಬಂದ ಮೇಲೆ ನಿಂತ. ಕಣ್ಣು ಕಿರಿದು ಮಾಡಿದ. ಹನ್ನೊಂದು ವರ್ಷದಲ್ಲಿ ಅತ್ತಿಗೆ ಆ ಮುಖದ ನೆರಿಗೆ ನೆರಿಗೆಯನ್ನೂ ಕಂಡಿದ್ದಳು. ಕಿವಿಯ ಹಿಂದೆ ಕ್ಷೌರಿಕ ಬಿಟ್ಟ ಕೂದಲು ಅವಳಿಗೆ ಗೊತ್ತಿತ್ತು. ಇವಳ ಮುಖ ಅವನಿಗೆ ಹೊಸದು.

"ಯಾರಿದು?" ಎಂದು ಅವನು ಮೇಸ್ತ್ರಿಯನ್ನು ಕೇಳಿದ.

ಇಲ್ಲಿ ನೆಲ ಒರೆಸೋಳು ಧಣಿ ಎಂದ ಮೇಸ್ತ್ರಿ.

"ತಿರುಗೋಕೆ ಹೇಳು."

ಮೇಸ್ತ್ರಿ ಬಾಯಿ ತೆರೆದ. ಅಧಿಕಾರಿಯನ್ನು ನೋಡಿದ, ಮಾವನ ಹೆಂಡತಿಯನ್ನು ನೋಡಿದ, ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡ. ಕಾವಲುಗಾರ ಎರಡು ಹೆಜ್ಜೆ ಮುಂದೆ ಬಂದ. ನಾದಿನಿ ಬಂದು ಅತ್ತಿಗೆಯ ಭುಜಕ್ಕೆ ಭುಜ ತಾಗಿಸಿ ನಿಂತಳು. ಕಾವಲುಗಾರ ಅಲ್ಲೇ ನಿಂತ. ಫೋನಿನೊಳಗೆ ಯಾರೋ ಹಲೋ ಹಲೋ ಎನ್ನುತ್ತಿದ್ದರು.

ಅತ್ತಿಗೆಗೆ ಹೇಳಬೇಕಾದದ್ದು ಬೇಕಾದಷ್ಟಿತ್ತು. ಕೊಲೆಗಾರ ಎನ್ನಬಹುದಿತ್ತು. ಅವನ ಬೂಟಿನ ಮೇಲೆ ಉಗಿಯಬಹುದಿತ್ತು, ಬಾಯಲ್ಲಿ ಎಂಜಲು ಕೂಡಿತ್ತು. ಅವಳು ಅದನ್ನು ನುಂಗಿದಳು. ಕೆಲಸ ಹೋಯಿತು, ಕೋಣೆ ಹೋಯಿತು ಎಂದು ಅವಳಿಗೆ ಗೊತ್ತಿತ್ತು. ಹೋಗಲಿ. ಅವನ ಕಣ್ಣಿಗೆ ಕಣ್ಣು ಕೊಟ್ಟು ಹೇಳಿದಳು.

"ಸುತ್ತಿಕೊಂಡು ಹೋಗಿ."

ಧಣಿಗೆ ಅರ್ಥವಾಗಲಿಲ್ಲ. ಅವಳು ಇನ್ನೊಂದು ಸಲ ಹೇಳಲಿಲ್ಲ. ಗೋಡೆಗೆ ತಿರುಗಿದ್ದ ಕಸದ ಅಕ್ಕ ಇತ್ತ ತಿರುಗಿದಳು. ಗಾಜಿನವನೂ ತಿರುಗಿದ. ನಾಲ್ಕು ಮುಖ ಧಣಿಯನ್ನೇ ನೋಡುತ್ತಿದ್ದವು. ಅವನು ಬಲಗಾಲನ್ನು ಸ್ವಲ್ಪ ಎತ್ತಿದ. ಅಧಿಕಾರಿಯ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಎತ್ತಿದ ಕಾಲನ್ನು ಧಣಿ ಪಕ್ಕಕ್ಕಿಟ್ಟ. ಮುಖ ಕೆಂಪಗೆ ಮಾಡಿಕೊಂಡು, ಇಬ್ಬರು ಹೆಂಗಸರನ್ನು ಸುತ್ತಿಕೊಂಡು ಲಿಫ್ಟಿನ ಕಡೆ ನಡೆದ.

ಮಾವನ ಹೆಂಡತಿ ಅವನ ಕಾಲುಗಳನ್ನೇ ನೋಡುತ್ತಿದ್ದಳು. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಅವಳು ಅಧಿಕಾರಿಯ ಹತ್ತಿರ ಹೋದಳು.

"ನಾಲ್ಕು ಹೆಜ್ಜೆ ಜಾಸ್ತಿ ಆಯ್ತು ಸಾರ್, ಅಷ್ಟೇ," ಎಂದಳು. "ನಾಲ್ಕೇ ಹೆಜ್ಜೆ. ಅದನ್ನೂ ಬರ್ಕೊಳ್ಳಿ."